ಹತ್ತಿ ದಾರವೋ, ಪಾಲಿಯೆಸ್ಟರ್ ದಾರವೋ?

ಮನೆಯ ಹೊಲಿಗೆ ಮೆಷಿನ್‌ನಲ್ಲಿ ದಾರ ಪದೇ ಪದೇ ತುಂಡಾಗುತ್ತಿದ್ದರೆ ಪಾಲಿಯೆಸ್ಟರ್ ದಾರ ಹಾಕಿ ನೋಡಿ. ಗಟ್ಟಿ, ಸ್ವಲ್ಪ ಎಳೆದರೂ ತಾಳಿಕೊಳ್ಳುತ್ತದೆ. ರವಿಕೆ, ಚೂಡಿದಾರ್, ಸೀರೆ ಫಾಲ್ ಎಲ್ಲಕ್ಕೂ ಸರಿ. ಇಸ್ತ್ರಿ ಬಿಸಿ ಜಾಸ್ತಿಯಾದರೆ ಮಾತ್ರ ಅದಕ್ಕೆ ಆಗಿಬರಲ್ಲ.

ಹತ್ತಿ ದಾರ ಆ ಬಿಸಿ ತಡೆಯುತ್ತದೆ, ಹತ್ತಿ ಬಟ್ಟೆಗೆ ಚೆನ್ನಾಗಿ ಹೊಂದುತ್ತದೆ. ಆದರೆ ಅಷ್ಟಾಗಿ ಹಿಗ್ಗುವುದಿಲ್ಲ, ಬೇಗ ಕಡಿಯುತ್ತದೆ. ಬಾಬಿನ್ ಕೇಸ್ (ಕೆಳಗಿನ ದಾರದ ಉರುಳೆ ಕೂರುವ ಡಬ್ಬಿ) ಬಿಚ್ಚಿದರೆ ಮೂಲೆಯಲ್ಲಿ ನೂಲಿನ ಧೂಳು ಮೆತ್ತಿಕೊಂಡಿರುತ್ತದೆ. ಆಗಾಗ ಬ್ರಷ್ ಹಾಕಲೇಬೇಕು. ಅಜ್ಜಿ ಕಾಲದ ಉಂಡೆ ಸಿಕ್ಕಿತು ಅಂತ ಹಾಕಬೇಡಿ. ಎರಡು ಕೈಯಲ್ಲಿ ಎಳೆದ ಕೂಡಲೇ ಪಟ್ ಅಂದರೆ ಅದರ ಆಯಸ್ಸು ಮುಗಿದಿದೆ.

ಬಟ್ಟೆಯ ಅಡಿ ದಾರ ಗುಡ್ಡೆಯಾಗಿ ಸಿಕ್ಕಾಗುತ್ತಿದೆಯೇ? ಆಗ ಯಾವ ದಾರವಾದರೂ ಒಂದೇ. ಎಲ್ಲರೂ ಸುಮ್ನೆ ಬಾಬಿನ್ ಬೈಯುತ್ತಾರೆ, ತೊಂದರೆ ಹೆಚ್ಚಾಗಿ ಇರುವುದು ಮೇಲಿನ ದಾರದಲ್ಲಿ. ಬಟ್ಟೆಯನ್ನು ಒತ್ತಿ ಹಿಡಿಯುವ ಪ್ರೆಸರ್ ಫುಟ್ ಎತ್ತಿ ದಾರ ಮತ್ತೆ ಪೋಣಿಸಿ. ಅದು ಕೆಳಗಿದ್ದರೆ ಮೇಲಿನ ದಾರವನ್ನು ಬಿಗಿ ಹಿಡಿಯುವ ಟೆನ್ಷನ್ ಬಿಲ್ಲೆಗಳು ಬಿಗಿಯಾಗಿ ಮುಚ್ಚಿಕೊಂಡಿರುತ್ತವೆ, ದಾರ ನಡುವೆ ಕೂರುವುದೇ ಇಲ್ಲ.

ಸೂಜಿಯೂ ನೋಡಿ: ಸಾಧಾರಣ ಹತ್ತಿ ಬಟ್ಟೆಗೆ 14 ನಂಬರ್, ಜೀನ್ಸ್‌ಗೆ 16. ಜೀನ್ಸ್‌ಗಂತೂ ಪಾಲಿಯೆಸ್ಟರ್ ದಾರವೇ ಇರಲಿ.