ಜರಡಿಗೆ ಇಂಗ್ಲಿಷಲ್ಲಿ ಏನಂತಾರೆ? – ದಾವಣಗೆರೆಯ ಒಂದು ಬೇಸಿಗೆ ಕ್ಲಾಸು

ನಮ್ಮದು ದಾವಣಗೆರೆಯಲ್ಲಿ ಮಂಡಕ್ಕಿ ಭಟ್ಟಿ. ಮಗಳು ಸರ್ಕಾರಿ ಶಾಲೇಲಿ ನಾಲ್ಕನೇ ಕ್ಲಾಸು ಮುಗಿಸಿದಾಳೆ. ಸರ್ಕಾರಿ ಶಾಲೆಗಳಲ್ಲೂ 2007ರಿಂದ ಒಂದನೇ ತರಗತಿಗೇ ಇಂಗ್ಲಿಷ್ ಪಾಠ ಬಂದಿದೆ. ಇವಳೂ ನಾಲ್ಕು ವರ್ಷ ಓದಿದಾಳೆ, ಪದ್ಯ ಗಿಳಿ ಥರ ಒಪ್ಪಿಸ್ತಾಳೆ. ಆದ್ರೆ 'ನಿಮ್ಮಪ್ಪ ಏನು ಕೆಲಸ ಮಾಡ್ತಾರೆ' ಅಂತ ಯಾರಾದ್ರೂ ಇಂಗ್ಲಿಷಲ್ಲಿ ಕೇಳಿದ್ರೆ ನನ್ನ ಮುಖ ನೋಡ್ತಾಳೆ. ಅದಕ್ಕೇ ಏಪ್ರಿಲ್‌ನಲ್ಲಿ ವಿದ್ಯಾನಗರದ ಕಡೆ ಒಂದು ಮನೆ ಮಹಡಿ ಮೇಲೆ ನಡೆಯೋ ಇಂಗ್ಲಿಷ್ ಕ್ಲಾಸಿಗೆ ಹಾಕಿದೆ. ನಾಲ್ಕು ವಾರ, ದಿನಾ ಒಂದೂವರೆ ಗಂಟೆ, ಫೀಸು 1,800 ರೂಪಾಯಿ.

ಮೊದಲ ದಿನ ನೋಡಿದ್ರೆ ಗ್ರಾಮರೂ ಇಲ್ಲ, ಕಾಪಿ ರೈಟಿಂಗೂ ಇಲ್ಲ. ಡ್ರಾಯಿಂಗ್ ಶೀಟು, ಬಣ್ಣದ ಪೆನ್ಸಿಲ್, ಅಷ್ಟೇ. 'ಚಿತ್ರ ಬರೆಯೋಕೆ ಇಷ್ಟು ದುಡ್ಡಾ ಮೇಡಂ?' ಅಂತ ಕೇಳೇಬಿಟ್ಟೆ. ಅವರು ಬೇಜಾರು ಮಾಡ್ಕೊಳ್ಳಲಿಲ್ಲ. ನ್ಯೂಜಿಲೆಂಡಿನಲ್ಲಿ ಸಿಲ್ವಿಯಾ ಆಷ್ಟನ್-ವಾರ್ನರ್ ಅಂತ ಒಬ್ಬ ಟೀಚರ್ ಇದ್ದರಂತೆ. ಅಲ್ಲಿನ ಮೂಲನಿವಾಸಿ ಮಾವೊರಿ ಜನರ ಮಕ್ಕಳನ್ನು 'ನಿನಗೆ ಇವತ್ತು ಯಾವ ಪದ ಬೇಕು' ಅಂತ ಕೇಳಿ, ಅದನ್ನೇ ಕಾರ್ಡಿನ ಮೇಲೆ ಬರೆದುಕೊಟ್ಟು ಓದೋದು ಕಲಿಸಿದರಂತೆ. ಮಾರನೇ ದಿನ ಮಗುವಿಗೆ ಗುರುತು ಸಿಗದ ಕಾರ್ಡನ್ನು ಎಸೆದುಬಿಡ್ತಿದ್ದರಂತೆ. ಇಲ್ಲೂ ಹಾಗೇ, ಮಕ್ಕಳು ತಮಗೆ ಬೇಕಾದ ಚಿತ್ರ ಬರೆದು ಅದರ ಕಥೇನ ಇಂಗ್ಲಿಷಲ್ಲಿ ಬರೀಬೇಕಂತೆ. ನಾನು ಹೂಂ ಅಂದು ಬಂದೆ. ನಂಬಿಕೆ ಏನೂ ಬರಲಿಲ್ಲ.

ಎರಡನೇ ವಾರ ಮಗಳು ನಮ್ಮ ಭಟ್ಟಿಯನ್ನೇ ಬರೆದಳು. ಒಲೆ, ಬಾಣಲೆ, ಅರ್ಧ ಹಾಳೆ ತುಂಬ ಕಪ್ಪು ಹೊಗೆ. ಕಾದ ಉಸುಕಿಗೆ ಅಕ್ಕಿ ಸುರಿದ್ರೆ ಎಲ್ಲಾ ಕಾಳೂ ಉಬ್ಬಿ ಹಾರುತ್ವೆ, ಒಂದು ಮಾತ್ರ ಹಾರಲ್ಲ. ಅದೇ ಅವಳ ಕಥೆ. ಬರೆದಿದ್ದು ಹೀಗೆ: 'ಸ್ಯಾಂಡ್ ಈಸ್ ಹಾಟ್. ಆಲ್ ರೈಸ್ ಜಂಪ್. ಒನ್ ರೈಸ್ ನೋ ಜಂಪ್.' ಮೇಡಂ ಕೆಂಪು ಪೆನ್ನು ಮುಟ್ಟಲಿಲ್ಲ. ಕೆಳಗೆ ಪೆನ್ಸಿಲ್‌ನಲ್ಲಿ ಸರಿಯಾದ ವಾಕ್ಯ ಬರೆದು, ಎರಡನ್ನೂ ಓದಿಸಿದರು. ಉಳಿದ ಮಕ್ಕಳು 'ವೈ ನೋ ಜಂಪ್?' ಅಂತ ಹಿಂದೆ ಬಿದ್ದರು. ಇವಳಿಗೆ ಉತ್ತರ ಗೊತ್ತು, ಪದ ಗೊತ್ತಿಲ್ಲ. 'ಮಿಸ್, ಹೆದರ್ಕೊಂಡಿದೆ ಅನ್ನೋಕೆ ಏನಂತಾರೆ?' ಅಂತ ತಾನೇ ಎದ್ದು ಹೋಗಿ ಕೇಳಿದಳಂತೆ. 'ಅಫ್ರೇಡ್' ಅವತ್ತು ಕಲಿತಿದ್ದು, ಇವತ್ತಿಗೂ ಮರೆತಿಲ್ಲ. ಜರಡಿಗೆ ಏನಂತಾರೆ ಅನ್ನೋದು ಮಾತ್ರ ಮೇಡಂಗೂ ತಟ್ಟನೆ ಹೊಳೀಲಿಲ್ಲ, ಇಬ್ಬರೂ ಸೇರಿ ಡಿಕ್ಷನರಿ ತೆಗೆದರಂತೆ. ಈಗ ನಮ್ಮ ಭಟ್ಟಿ ಹುಡುಗರೂ 'ಸೀವ್ ಎಲ್ಲೈತ್ರೀ ಅಣ್ಣಾ' ಅಂತಾರೆ, ಕಾಟ ತಡೆಯೋಕಾಗ್ತಿಲ್ಲ.

ಕೊರತೆಯೂ ಇದೆ. ಹದಿನೆಂಟು ಮಕ್ಕಳಿಗೆ ಒಬ್ಬರೇ ಮೇಡಂ, ಬಾಯಿ ಇದ್ದೋರಿಗೇ ಲಾಭ. ಒಬ್ಬ ಹುಡುಗ ನಾಲ್ಕೂ ವಾರ ಹರಿಹರದ ಬಸ್ಸು ಬರೆದು ಮನೆಗೆ ಹೋದ. ಸ್ಪೆಲಿಂಗ್ ಅಂತೂ ಇದ್ದಲ್ಲೇ ಇದೆ.

ನನಗೆ ನಿಜವಾಗಿ ಸಿಟ್ಟು ಬಂದಿದ್ದು ಕೊನೆಯಲ್ಲಿ. 150 ರೂಪಾಯಿ ಬೇರೆ ತಗೊಂಡು ಮಗಳ ಕಥೇನ ಕಲರ್ ಪ್ರಿಂಟ್ ಪುಸ್ತಕ ಮಾಡಿ ಕೊಟ್ಟರು. ತೆಗೆದು ನೋಡಿದ್ರೆ 'ಒನ್ಸ್ ಅಪಾನ್ ಎ ಟೈಮ್' ಅಂತ ಶುರು, ಉದ್ದುದ್ದ ವಾಕ್ಯ. ಚಿತ್ರದಲ್ಲಿ ಹೊಗೆನೇ ಇಲ್ಲ, ಅಳಿಸಿ ನೀಲಿ ಆಕಾಶ ಮಾಡಿದಾರೆ. ಹೊಗೆ ಇಲ್ಲದ ಭಟ್ಟಿ ಯಾವ ಊರಲ್ಲಿದೆ? ಮನೇಲಿ ಅವಳಜ್ಜಿ ಮುಂದೆ ಓದು ಅಂದ್ರೆ, ತನ್ನದೇ ಕಥೆಯ ಎರಡನೇ ಸಾಲಿಗೇ ತಡವರಿಸಿ ನಿಂತಳು. ಮಾರನೇ ದಿನ ಹೋಗಿ ಕೈಬರಹದ ಹಾಳೆ ಕೇಳಿದೆ. ಐದರಲ್ಲಿ ಮೂರು ಸಿಕ್ಕವು. ಅವನ್ನ ಗೋಡೆಗೆ ಅಂಟಿಸಿದೀನಿ. ಅದನ್ನ ಗಡಗಡ ಓದ್ತಾಳೆ.

ದಸರಾ ರಜೆಗೆ ಮತ್ತೆ ಕ್ಲಾಸ್ ಇದೆಯಂತೆ. ಕಳಿಸ್ತೀನಿ. ಪುಸ್ತಕದ 150 ಮಾತ್ರ ಕೊಡಲ್ಲ.