ಫ್ಯಾಕ್ಟರಿಯಿಂದಲೇ ಬಂದ 6 ಎಂಎಂ ಬಿಆರ್ ರೈಫಲ್: ಒಂದು ವರ್ಷದ ಬಳಕೆ
6 ಎಂಎಂ ಬಿಆರ್ ನಾರ್ಮಾ ಅಂದರೆ ನಿಖರ ಗುರಿ ಹೊಡೆತಕ್ಕೆ ಬಳಸುವ ಒಂದು ಬಗೆಯ ಗುಂಡು. ಅದಕ್ಕೆ ತಕ್ಕ ಚೇಂಬರಿನ (ಗುಂಡು ಕೂರುವ ಗೂಡಿನ) ಫ್ಯಾಕ್ಟರಿ ರೈಫಲ್ ಸಿಗುವುದೇ ಅಪರೂಪ. ಕಂಡ ಕೂಡಲೇ ತಗೊಂಡೆ. ವರ್ಷದಲ್ಲಿ ಸುಮಾರು 900 ಗುಂಡು ಹಾರಿಸಿದ್ದೇನೆ.

100 ಮೀಟರಿನಲ್ಲಿ ಐದೈದು ಗುಂಡಿನ ಹತ್ತು ಗ್ರೂಪ್ (ಒಂದೇ ಗುರಿಗೆ ಹೊಡೆದ ಗುಂಡಿನ ತೂತುಗಳ ಹರವು) ಅಳೆದೆ. ಸರಾಸರಿ 14 ಮಿ.ಮೀ., ಅಂದರೆ ಅರ್ಧ ಎಂಒಎ ಒಳಗೆ (ಎಂಒಎ ಕೋನದ ಅಳತೆ; 100 ಮೀಟರಿನಲ್ಲಿ ಒಂದು ಎಂಒಎ ಸುಮಾರು 29 ಮಿ.ಮೀ.). ಒಂದೇ ಒಂದು ಚಂದದ ಗ್ರೂಪ್ ನೋಡಿ ರೈಫಲನ್ನು ಅಳೆಯಬಾರದು, ಅಲ್ವಾ? ಬ್ಯಾರೆಲ್ ಟ್ವಿಸ್ಟ್, ಅಂದರೆ ಗುಂಡನ್ನು ತಿರುಗಿಸುವ ಒಳಗೆರೆಗಳ ತಿರುವು, 8 ಇಂಚಿಗೆ ಒಂದು ಸುತ್ತು. 105 ಗ್ರೇನಿನ (ಸುಮಾರು 6.8 ಗ್ರಾಂ) ಉದ್ದನೆಯ ಬುಲೆಟ್ ಅದಕ್ಕೆ ಚೆನ್ನಾಗಿ ಒಗ್ಗಿದೆ. ಮದ್ದು .308 ಎಂಬ ದೊಡ್ಡ ರೈಫಲ್ ಗುಂಡಿಗಿಂತ ಎಷ್ಟೋ ಕಡಿಮೆ ಸಾಕು. ಒದೆತವೂ ಅಷ್ಟೇ ಕಮ್ಮಿ. ಗುರಿಹಲಗೆಗೆ ಗುಂಡು ತಾಗಿದ್ದು ಸ್ಕೋಪಿನಲ್ಲೇ ಕಾಣುತ್ತದೆ. ದಿನವಿಡೀ ಹೊಡೆದರೂ ಭುಜ ನೋಯುವುದಿಲ್ಲ.

ಬೇಸರ ಮ್ಯಾಗಜೀನಿನದು. ಈ ಗುಂಡಿನ ಕೇಸ್ (ಮದ್ದು ತುಂಬಿದ ಹಿತ್ತಾಳೆ ಕೋಶ) ಗಿಡ್ಡ, ದಪ್ಪ; ಉದ್ದ 40 ಮಿ.ಮೀ. ಕೂಡ ಇಲ್ಲ. ಮೂರನೇ ಗುಂಡಿಗೇ ಮೂತಿ ಎತ್ತಿ ಸಿಕ್ಕಿಕೊಳ್ಳುತ್ತದೆ. ಈಗ ಒಂದೊಂದೇ ಕೈಯಿಂದ ಹಾಕುತ್ತೇನೆ. ಟ್ರಿಗರ್ ಪರವಾಗಿಲ್ಲ.

ಸಿದ್ಧ ಗುಂಡು ಸುಲಭಕ್ಕೆ ಸಿಗುವುದಿಲ್ಲ, ರೀಲೋಡಿಂಗ್ (ಖಾಲಿ ಕೇಸಿಗೆ ಮತ್ತೆ ಮದ್ದು, ಬುಲೆಟ್ ಕೂರಿಸುವುದು) ಬಾರದವರಿಗೆ ಇದು ಬೇಡ. ಬರುವವರಿಗೆ ಕೊಟ್ಟ ಹಣ ಖಂಡಿತ ದಂಡವಲ್ಲ. ಫ್ಯಾಕ್ಟರಿಯಿಂದಲೇ ಬಂದದ್ದರಿಂದ, ಈ ಗುಂಡಿಗಾಗಿ ಬೇರೆ ಬ್ಯಾರೆಲ್ ಕೂರಿಸಲು ಗನ್‌ಸ್ಮಿತ್ (ಬಂದೂಕು ಕೆಲಸದವರು) ಹತ್ತಿರ ತಿಂಗಳುಗಟ್ಟಲೆ ಕಾಯುವುದು ನನಗೆ ತಪ್ಪಿತು.