ಮಿಡತೆನಾ ಜೋಡೆಲ್ಲಾ? ಎರಡರಲ್ಲೂ ಕೂತು ಬಂದ ಮೇಲೆ

ಫ್ರಾನ್ಸ್‌ಗೆ ಕೆಲಸಕ್ಕೆ ಬಂದ ಮೇಲೆ ನನಗೆ ಹತ್ತಿಕೊಂಡ ಹುಚ್ಚು ಅಂದ್ರೆ ಇಲ್ಲಿನವರು ಗ್ಯಾರೇಜಲ್ಲೇ ಕಟ್ಟಿಕೊಳ್ಳೋ ಪುಟ್ಟ ವಿಮಾನಗಳದ್ದು. ಹೋದ ಬೇಸಿಗೇಲಿ ಎರಡರಲ್ಲಿ ಕೂತೆ, ಒಂದು ಕ್ರೋಜ್ ಇಸಿ-6 ಕ್ರಿಕೆ, ಇನ್ನೊಂದು ಜೋಡೆಲ್ ಡಿ112. ಎರಡೂ ಮರ-ಬಟ್ಟೆಯವು, ಎರಡರಲ್ಲೂ ಇಬ್ಬರು ಪಕ್ಕಪಕ್ಕ, ಮೇಲೆ ಹೋದ್ಮೇಲೆ ಸ್ವಲ್ಪ ಹೊತ್ತು ಸ್ಟಿಕ್ (ವಿಮಾನ ನಡೆಸೋ ಕೋಲು) ನನ್ನ ಕೈಗೂ ಕೊಟ್ರು.

ಕ್ರಿಕೆ ಅಂದ್ರೆ ಮಿಡತೆ. 1930ರ ದಶಕದಲ್ಲಿ ಆಂರಿ ಮಿನ್ಯೆ ಅನ್ನೋ ಫ್ರೆಂಚ್ ಡಿಸೈನರ್ ಮಾಡಿದ ಪೂ-ದು-ಸಿಯೆಲ್ ವಿಮಾನದ ವಂಶದ್ದು (ಆಕಾಶದ ಹೇನು ಅಂತ ಅರ್ಥ, ಇಂಗ್ಲಿಷರು ಅದನ್ನ ಚಿಗಟ ಮಾಡಿಬಿಟ್ರು). ಎಮಿಲಿಯಾಂ ಕ್ರೋಜ್ ಅವರ ಡಿಸೈನ್, ಮೊದಲು ಹಾರಿದ್ದು 1965ರಲ್ಲಿ, 90 ಹೆಚ್‌ಪಿ ಕಾಂಟಿನೆಂಟಲ್ ಇಂಜಿನ್. ಮುಂದೊಂದು ರೆಕ್ಕೆ ಹಿಂದೊಂದು ರೆಕ್ಕೆ, ಐಲರಾನೂ (ವಿಮಾನ ಪಕ್ಕಕ್ಕೆ ವಾಲಿಸೋ ರೆಕ್ಕೆಯಂಚಿನ ಪಟ್ಟಿ) ಇಲ್ಲ ಎಲಿವೇಟರೂ (ಮೂತಿ ಏರಿಸಿ ಇಳಿಸೋ ಬಾಲದ ಪಟ್ಟಿ) ಇಲ್ಲ, ಸ್ಟಿಕ್ ಎಳೆದ್ರೆ ಮುಂದಿನ ರೆಕ್ಕೆನೇ ಇಡಿಯಾಗಿ ಏಳುತ್ತೆ! ತಿರುಗೋದು ಬಾಲದಲ್ಲಿರೋ ಚುಕ್ಕಾಣಿ, ಅಂದ್ರೆ ರಡ್ಡರ್ ಒಂದರಿಂದಲೇ, ಹಾಗಾಗಿ ಮೊದಲು ಮೂತಿ ತಿರುಗಿ ಅರೆಕ್ಷಣ ಬಿಟ್ಟು ಮೈ ವಾಲುತ್ತೆ, ಆ ಅರೆಕ್ಷಣಕ್ಕೆ ಒಗ್ಗಿಕೊಳ್ಳೋವರೆಗೂ ನಾನು ಎಮ್ಮೆ ಮೇಲೆ ಕೂತವನ ಥರ ಅತ್ತಿಂದಿತ್ತ ಆಡ್ತಿದ್ದೆ.

ಜೋಡೆಲ್‌ಗೆ ಆ ರಗಳೆ ಇಲ್ಲ, ತುದಿ ಮೇಲಕ್ಕೆ ಬಗ್ಗಿದ ರೆಕ್ಕೆ, 65 ಹೆಚ್‌ಪಿ, ಹೇಳಿದ್ ಕಡೆ ಹೋಗುತ್ತೆ. ಆದ್ರೆ ಸ್ಪೀಡ್ ಇಳಿಸಿ ಸ್ಟಿಕ್ ಪೂರ್ತಿ ಎಳೆದಾಗ ಒಂಚೂರು ನಡುಗಿ ಮೂತಿ ಬಗ್ಗಿಸ್ತು, ಹೊಟ್ಟೇಲಿ ತಣ್ಣಗಾಯ್ತು. ಮಿಡತೇಲಿ ಅದನ್ನೇ ಮಾಡಿದ್ರೆ ಏನೂ ಆಗಲಿಲ್ಲ, ಲಿಫ್ಟಲ್ಲಿ ಕೂತಂಗೆ ಸಮವಾಗಿ ಕೆಳಗಿಳೀತು ಅಷ್ಟೇ.

ಹಳೇ ಹೇನು, ಅಂದ್ರೆ ಆ ಪೂ-ದು-ಸಿಯೆಲ್, ಜನರನ್ನ ಸಾಯಿಸಿತ್ತಲ್ವಾ ಅಂತ ಹತ್ತೋಕೆ ಮುಂಚೆನೇ ಕೇಳಿದ್ದೆ. ಹೌದು, ಜೋರಾಗಿ ಮೂತಿ ಕೆಳಗಾದ್ರೆ ಎರಡು ರೆಕ್ಕೆ ಗಾಳಿ ಒಂದಕ್ಕೊಂದು ಸಿಕ್ಕಿ ಹಿಂದಿನ ರೆಕ್ಕೆ ಬಾಲಾನ ಎತ್ತಿ ಹಿಡಿಯೋದು, ಸ್ಟಿಕ್ ಎಳೆದ್ರೂ ಮೇಲೇಳ್ತಿರಲಿಲ್ಲ, ವಿಂಡ್ ಟನಲ್ಲಲ್ಲಿ (ಜೋರು ಗಾಳಿ ಹಾಯಿಸಿ ಪರೀಕ್ಷೆ ಮಾಡೋ ಸುರಂಗ) ಇಡೀ ವಿಮಾನನೇ ಇಟ್ಟು ಅದನ್ನ ಪತ್ತೆಹಚ್ಚಿದ್ರು. ಆಮೇಲೆ ರೆಕ್ಕೆ ಜೋಡಣೆ ಬದಲಾಯ್ತು, ಕ್ರಿಕೆ ಬಂದಿದ್ದು ಅದಾಗಿ ಸುಮಾರು 30 ವರ್ಷಕ್ಕೆ.

ಮಿಡತೆಗೆ ನಿಜವಾದ ತೊಂದರೆ ಅಡ್ಡಗಾಳಿ. ಐಲರಾನ್ ಇಲ್ದೆ, ಗಾಳಿ ಪಕ್ಕಕ್ಕೆ ತಳ್ಳದ ಹಾಗೆ ಗಾಳಿ ಬರೋ ಕಡೆಯ ರೆಕ್ಕೆ ಬಗ್ಗಿಸಿಕೊಂಡು ಇಳಿಯೋಕಾಗಲ್ಲ. ಅವತ್ತು ಮಧ್ಯಾಹ್ನ ಗಾಳಿ ತಿರುಗಿದ್ ತಕ್ಷಣ ಅದರ ಓನರ್ ಹ್ಯಾಂಗರ್ ಬಾಗಿಲು ಎಳೆದು ಕಾಫಿಗೆ ಕೂತ್ರು, ಪಕ್ಕದ ಜೋಡೆಲ್‌ನವರು ಇನ್ನೊಂದು ರೌಂಡ್ ಹೊಡೆದು ಬಂದ್ರು. ನಾನು ಕಟ್ಟೋದಾದ್ರೆ ಜೋಡೆಲ್ಲೇ. ಆದ್ರೆ ಯಾರಾದ್ರೂ ಮಿಡತೇಲಿ ಸೀಟ್ ಖಾಲಿ ಇದೆ ಬಾರೋ ಅಂದ್ರೆ ತಿಂಡಿ ಬಿಟ್ಟು ಓಡ್ತೀನಿ.